ಸಾಕುಪ್ರಾಣಿಗೆ ವಿಮೆ: ಕೈಗೆಟಕುವ ಕಂತು ಎಂದರೆ ಯಾವುದು?



ನಿಮ್ಮಲ್ಲಿ ಅನೇಕರ ಮನೆಯಲ್ಲಿ ನಾಯಿಯೋ ಬೆಕ್ಕೋ ಇರಬಹುದು. ಹಳ್ಳಿಯಿಂದ ಬಂದವರಾದರೆ ಕೊಟ್ಟಿಗೆಯಲ್ಲಿ ಹಸು, ಎಮ್ಮೆ, ಒಂದೆರಡು ಆಡುಗಳೂ ಇರಬಹುದು. ಇವುಗಳಿಗೆ ವಿಮೆ ಮಾಡಿಸಬೇಕೆಂದು ನೀವು ವಿಮಾ ಕಚೇರಿಗೆ ಹೋದರೆ, ಅಲ್ಲಿ ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು: "ಪ್ರಾಣಿಯ ಬೆಲೆ ಎಷ್ಟು?"

ಹಸುವಿನ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟವಲ್ಲ. ಎಷ್ಟನೆಯ ಸೂಲು, ದಿನಕ್ಕೆ ಎಷ್ಟು ಲೀಟರು ಹಾಲು, ಯಾವ ತಳಿ ಎಂದು ನೋಡಿ ಊರಿನ ಯಾವ ಹಿರಿಯರಾದರೂ ಬೆಲೆ ಕಟ್ಟಿಬಿಡುತ್ತಾರೆ. ಆದರೆ ಮಳೆಗಾಲದಲ್ಲಿ ಚರಂಡಿಯ ಪಕ್ಕದಿಂದ ನೀವು ಎತ್ತಿಕೊಂಡು ಬಂದ ನಾಯಿಮರಿಯ ಬೆಲೆ ಎಷ್ಟು? ಮಾರುಕಟ್ಟೆಯ ಲೆಕ್ಕದಲ್ಲಿ ಸೊನ್ನೆ. ಅದೇ ನಾಯಿಯ ಕಾಲು ಮುರಿದರೆ ಆಗುವ ಖರ್ಚು ಮಾತ್ರ ಸೊನ್ನೆಯಲ್ಲ. ದುಬಾರಿ ಬೆಲೆಯ ಜಾತಿ ನಾಯಿಯ ಕಾಲು ಮುರಿದರೂ ಅಷ್ಟೇ ಖರ್ಚು, ಬೀದಿನಾಯಿಯ ಕಾಲು ಮುರಿದರೂ ಅಷ್ಟೇ ಖರ್ಚು. ಬೆಲೆ ಬೇರೆ, ವೆಚ್ಚ ಬೇರೆ. ಸಾಕುಪ್ರಾಣಿ ವಿಮೆಯ ಗೊಂದಲಗಳೆಲ್ಲ ಹುಟ್ಟುವುದು ಇವೆರಡನ್ನೂ ಒಂದೇ ಎಂದು ಭಾವಿಸುವುದರಿಂದ. ಅಗ್ಗದ ಪಾಲಿಸಿ ಯಾವುದು ಎಂದು ಹುಡುಕುವ ಮೊದಲು, ಯಾವ ನಷ್ಟಕ್ಕೆ ವಿಮೆ ಬೇಕು ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು.

ಇದು ಅರ್ಥವಾಗಲು ಮೊದಲು ಹಸುವಿನ ವಿಮೆಯನ್ನು ನೋಡೋಣ. ನಮ್ಮ ದೇಶದಲ್ಲಿ ಪ್ರಾಣಿಗಳ ವಿಮೆ ಬೆಳೆದದ್ದೇ ಕೊಟ್ಟಿಗೆಯಿಂದ. ರೈತನ ನಷ್ಟಕ್ಕೆ ವಿಮೆಯ ರಕ್ಷಣೆ ಕೊಡಬೇಕೆಂಬ ಆಲೋಚನೆ ಕರ್ನಾಟಕಕ್ಕೆ ಹೊಸದೂ ಅಲ್ಲ. ಮೈಸೂರು ಸಂಸ್ಥಾನದಲ್ಲಿದ್ದ ಜೆ. ಎಸ್. ಚಕ್ರವರ್ತಿ ಅವರು ಮಳೆಯ ಪ್ರಮಾಣವನ್ನೇ ಆಧಾರವಾಗಿಟ್ಟುಕೊಂಡು ಕೃಷಿ ವಿಮೆ ಜಾರಿಗೆ ತರಬಹುದೆಂದು 1920ರಷ್ಟು ಹಿಂದೆಯೇ ಒಂದು ಪುಸ್ತಕ ಬರೆದಿದ್ದರು. ಅದು ಆಗ ಜಾರಿಗೆ ಬರಲಿಲ್ಲ. 1973ರಲ್ಲಿ ಸಾಮಾನ್ಯ ವಿಮೆಯ ರಾಷ್ಟ್ರೀಕರಣವಾಗಿ, ನೂರಕ್ಕೂ ಹೆಚ್ಚು ಖಾಸಗಿ ಕಂಪನಿಗಳು ಸೇರಿ ನ್ಯಾಷನಲ್, ನ್ಯೂ ಇಂಡಿಯಾ, ಓರಿಯಂಟಲ್, ಯುನೈಟೆಡ್ ಇಂಡಿಯಾ ಎಂಬ ನಾಲ್ಕು ಸರ್ಕಾರಿ ಕಂಪನಿಗಳಾದವು. ಆ ದಶಕದಲ್ಲೇ ಸಾಲದಲ್ಲಿ ಕೊಂಡ ಹಸು, ಎಮ್ಮೆಗಳಿಗೆ ವಿಮೆ ಮಾಡಿಸುವ ರೂಢಿ ಹಳ್ಳಿಗಳಿಗೆ ಬಂತು.

ಹಸುವಿನ ಕಿವಿಯಲ್ಲಿ ಹಳದಿ ಬಿಲ್ಲೆಯನ್ನು ನೀವು ನೋಡಿರುತ್ತೀರಿ. ಈಗ ಅದರ ಮೇಲೆ 12 ಅಂಕಿಯ ಒಂದು ಸಂಖ್ಯೆ ಇರುತ್ತದೆ. ವಿಮೆಯ ದೃಷ್ಟಿಯಲ್ಲಿ ಈ ಬಿಲ್ಲೆಯೇ ಹಸುವಿನ ಹೆಸರು, ವಿಳಾಸ, ಭಾವಚಿತ್ರ ಎಲ್ಲವೂ. ಬಿಲ್ಲೆ ಇಲ್ಲದಿದ್ದರೆ ಪರಿಹಾರವಿಲ್ಲ ಎಂಬುದು ಈ ವ್ಯವಹಾರದ ಹಳೆಯ ನಿಯಮ. ಕೇಳಲು ಕಠಿಣವೆನಿಸಬಹುದು. ಆದರೆ ಸತ್ತದ್ದು ವಿಮೆ ಮಾಡಿಸಿದ ಹಸುವೋ ಪಕ್ಕದ ಮನೆಯ ಹಸುವೋ ಎಂದು ಬೇರೆ ಹೇಗೆ ತಿಳಿಯಬೇಕು? ಬಿಲ್ಲೆ ಬಿದ್ದುಹೋದರೆ ಕೂಡಲೇ ಕಂಪನಿಗೆ ತಿಳಿಸಿ ಹೊಸದನ್ನು ಹಾಕಿಸಬೇಕು. ಎಷ್ಟೋ ರೈತ ಕುಟುಂಬಗಳಿಗೆ ಪರಿಹಾರ ತಪ್ಪುವುದು ಈ ಒಂದು ಸಣ್ಣ ಕೆಲಸವನ್ನು ನಾಳೆಗೆಂದು ಮುಂದೂಡುವುದರಿಂದ. ಓದುಬರಹ ಬಲ್ಲ ಮಕ್ಕಳು ಮನೆಯಲ್ಲಿದ್ದರೆ ಈ ಜವಾಬ್ದಾರಿಯನ್ನು ಅವರೇ ವಹಿಸಿಕೊಳ್ಳಬಹುದು.

ಹಸುವಿನ ವಿಮೆ ಮುಖ್ಯವಾಗಿ ಸಾವಿಗೆ ಪರಿಹಾರ ಕೊಡುತ್ತದೆ. ಚಿಕಿತ್ಸೆಯ ಖರ್ಚನ್ನಲ್ಲ. ಇದು ಸರಿಯಾಗಿಯೇ ಇದೆ. ಹಾಲು ಕರೆಯುವ ಹಸು ಸತ್ತರೆ ಆ ಮನೆಗೆ ಬರುವ ಆದಾಯವೇ ನಿಲ್ಲುತ್ತದೆ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. 2022ರಲ್ಲಿ ಚರ್ಮಗಂಟು ರೋಗ ದೇಶದಾದ್ಯಂತ ಹರಡಿ ಲಕ್ಷಕ್ಕೂ ಹೆಚ್ಚು ಜಾನುವಾರುಗಳು ಸತ್ತಾಗ, ಕರ್ನಾಟಕದ ಹಳ್ಳಿಗಳೂ ಈ ನೋವನ್ನು ಕಂಡವು. ಚಿಕಿತ್ಸೆಗೆ ಸರ್ಕಾರಿ ಪಶು ಆಸ್ಪತ್ರೆ ಇದೆ, 1962 ಸಂಖ್ಯೆಗೆ ಕರೆ ಮಾಡಿದರೆ ಬರುವ ಸಂಚಾರಿ ಪಶು ಚಿಕಿತ್ಸಾ ವಾಹನ ಇದೆ. ಸತ್ತ ಹಸುವಿನ ಜಾಗದಲ್ಲಿ ಇನ್ನೊಂದನ್ನು ತರಲು ಬೇಕಾದ ಹಣವೇ ಅಲ್ಲಿಯ ನಿಜವಾದ ನಷ್ಟ.

ಅಂದ ಹಾಗೆ, 2024ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಜಾನುವಾರು ಮಿಷನ್ ಯೋಜನೆಗೆ ತಂದ ತಿದ್ದುಪಡಿಯಂತೆ ಈ ವಿಮೆಯ ಕಂತಿನಲ್ಲಿ ಸಾಕಣೆದಾರನ ಪಾಲು ಶೇಕಡ 15ಕ್ಕೆ ಇಳಿದಿದೆ. ಉಳಿದದ್ದನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಹಂಚಿಕೊಳ್ಳುತ್ತವೆ. ಒಂದು ಉದಾಹರಣೆ ತೆಗೆದುಕೊಳ್ಳಿ. 60,000 ರೂಪಾಯಿಯ ಹಸುವಿಗೆ ಶೇಕಡ 4ರ ದರದಲ್ಲಿ ಕಂತು 2,400 ರೂಪಾಯಿ ಆಗುವುದಾದರೆ, ರೈತ ಕಟ್ಟಬೇಕಾದದ್ದು 360 ರೂಪಾಯಿ. ಮನೆಯಲ್ಲಿ ಹಸುವಿದ್ದೂ ಈ ಸೌಲಭ್ಯವನ್ನು ವಿಚಾರಿಸಿಲ್ಲವಾದರೆ, ಹತ್ತಿರದ ಪಶು ಆಸ್ಪತ್ರೆಯಲ್ಲಿ ಒಮ್ಮೆ ಕೇಳಿ ನೋಡಿ.

ಇನ್ನು ನಾಯಿಯ ವಿಷಯಕ್ಕೆ ಬರೋಣ. ಸ್ವೀಡನ್ ದೇಶದಲ್ಲಿ 1924ರಲ್ಲೇ ನಾಯಿಗೆ ವಿಮೆ ಬಂದಿತ್ತು. ಅಲ್ಲಿಯೂ ಕುದುರೆ ಮತ್ತು ಜಾನುವಾರುಗಳ ವಿಮೆಯೇ ಮೊದಲು, ನಾಯಿಯ ವಿಮೆ ಅದರ ಬಾಲ ಹಿಡಿದು ಬಂದದ್ದು. ಅಮೆರಿಕದಲ್ಲಿ 1982ರಲ್ಲಿ ಮೊದಲ ಸಾಕುಪ್ರಾಣಿ ಪಾಲಿಸಿ ಪಡೆದ ನಾಯಿ ಯಾವುದು ಗೊತ್ತೇ? ಟೆಲಿವಿಷನ್ ತಾರೆ ಲ್ಯಾಸಿ! ದೂರದರ್ಶನದಲ್ಲಿ ಕೆಲಸ ಮಾಡುವ ನನ್ನಂಥವರಿಗೆ ಇದು ಸಂತೋಷದ ಸುದ್ದಿಯೇ. ತೆರೆಯ ಮೇಲಿನ ನಟನಟಿಯರಿಗೆಲ್ಲ ವಿಮೆ ಇರುತ್ತದೆಂದು ಮಾತ್ರ ಯಾರೂ ಭಾವಿಸಬಾರದು.

ನಮ್ಮಲ್ಲಿ ಸರ್ಕಾರಿ ವಿಮಾ ಕಂಪನಿಗಳು ಬಹಳ ಕಾಲದಿಂದ ನಾಯಿಗೂ ಪಾಲಿಸಿ ಕೊಡುತ್ತ ಬಂದಿವೆ. ಆದರೆ ಅದರ ಅಚ್ಚು ಹಸುವಿನ ಪಾಲಿಸಿಯದೇ. ಅಪಘಾತದಿಂದಲೋ ರೋಗದಿಂದಲೋ ನಾಯಿ ಸತ್ತರೆ ಅದರ ಬೆಲೆಯನ್ನು ಕೊಡುತ್ತಾರೆ. ತಳಿ ಬೆಳೆಸುವವರಿಗೆ, ಪ್ರದರ್ಶನಗಳಿಗೆ ನಾಯಿ ಒಯ್ಯುವವರಿಗೆ, ಕಾವಲಿಗೆಂದು ತರಬೇತಿ ಕೊಟ್ಟ ನಾಯಿ ಇಟ್ಟಿರುವವರಿಗೆ ಇದು ಉಪಯುಕ್ತ. ಆದರೆ ಮನೆಯ ಮಗುವಿನಂತೆ ನಾಯಿ ಸಾಕಿದವರಿಗೆ ಸಾವಿನ ಪರಿಹಾರದಿಂದ ಏನು ಪ್ರಯೋಜನ? ನಾಯಿ ಸತ್ತರೆ ಅವರಿಗಾಗುವ ನಷ್ಟಕ್ಕೆ ಚೆಕ್ಕು ಬರೆಯಲು ಯಾವ ಕಂಪನಿಯಿಂದಲೂ ಸಾಧ್ಯವಿಲ್ಲ. ನಾಯಿ ಸಾಯದಂತೆ ನೋಡಿಕೊಳ್ಳಲು ಹಣ ಬೇಕಾಗುತ್ತದಲ್ಲ, ಅಲ್ಲಿ ವಿಮೆ ಬೇಕು. ಆಸ್ಪತ್ರೆಯ ಖರ್ಚು, ಶಸ್ತ್ರಚಿಕಿತ್ಸೆ, ಮೂರನೆಯವರಿಗೆ ಆಗುವ ಹಾನಿ ಇವನ್ನೆಲ್ಲ ಸೇರಿಸಿಕೊಂಡ ಪಾಲಿಸಿಗಳು ನಮ್ಮ ದೇಶದಲ್ಲಿ ಎದ್ದು ಕಾಣುವಂತೆ ಬಂದದ್ದು ಇತ್ತೀಚೆಗೆ. ಬಜಾಜ್ ಅಲಿಯಾನ್ಸ್ ಕಂಪನಿ 2020ರಲ್ಲಿ ಇಂಥದೊಂದನ್ನು ಆರಂಭಿಸಿತು. ಬಳಿಕ ಬೇರೆ ಖಾಸಗಿ ಕಂಪನಿಗಳೂ ಬಂದವು.

ಕೆಲವು ವರ್ಷಗಳ ಹಿಂದೆ ಸಾಕುಪ್ರಾಣಿಗಳ ಆರೋಗ್ಯದ ಬಗ್ಗೆ ಕಾರ್ಯಕ್ರಮವೊಂದನ್ನು ತಯಾರಿಸಲು ನಮ್ಮ ತಂಡ ನಗರದ ಒಂದು ಪ್ರಾಣಿ ಚಿಕಿತ್ಸಾಲಯದಲ್ಲಿ ಎರಡು ದಿನ ಕಳೆದಿತ್ತು. ಎರಡನೆಯ ದಿನ ಸಂಜೆ ಕಾಲೇಜು ಹುಡುಗನೊಬ್ಬ ಬೆಡ್‌ಷೀಟಿನಲ್ಲಿ ಸುತ್ತಿದ ನಾಯಿಯನ್ನು ಎತ್ತಿಕೊಂಡು ಬಂದ. ಬೈಕು ಡಿಕ್ಕಿ ಹೊಡೆದು ಹಿಂಗಾಲಿನ ಮೂಳೆ ಎರಡು ಕಡೆ ಮುರಿದಿತ್ತು. ವೈದ್ಯರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ವಿವರಿಸಿದರು: ಲೋಹದ ಪಟ್ಟಿ ಹಾಕಿ ಮೂಳೆ ಕೂಡಿಸಬಹುದು, ಇಲ್ಲವೇ ಕಾಲು ತೆಗೆಯಬೇಕಾಗುತ್ತದೆ. ಹುಡುಗ ಕೇಳಿದ ಮೊದಲ ಪ್ರಶ್ನೆ "ಎಷ್ಟಾಗುತ್ತದೆ, ಡಾಕ್ಟ್ರೇ?" ಎಂದು. ಮೊತ್ತ ಕೇಳಿ ಹೊರಗೆ ಹೋಗಿ ಮನೆಗೆ ಫೋನು ಮಾಡಿ ತಗ್ಗಿದ ದನಿಯಲ್ಲಿ ಬಹಳ ಹೊತ್ತು ಮಾತಾಡಿದ. ನಮ್ಮ ಕ್ಯಾಮರಾಮನ್ ತಾನಾಗಿಯೇ ಕ್ಯಾಮರಾ ನಿಲ್ಲಿಸಿದರು. ಕೊನೆಗೆ ಇಬ್ಬರು ಗೆಳೆಯರು ಬಂದು ಹಣ ಹೊಂದಿಸಿದರೆಂದು ನೆನಪು. ಪ್ರಾಣಿ ವೈದ್ಯರನ್ನು ಕೇಳಿ ನೋಡಿ, ವಾಸಿಯಾಗದ ಕಾಯಿಲೆಗಿಂತ ಹೆಚ್ಚಾಗಿ ಅವರನ್ನು ಕಾಡುವುದು ವಾಸಿಯಾಗುವ, ಆದರೆ ಮನೆಯವರಿಗೆ ಹಣ ಹೊಂದಿಸಲಾಗದ ಕಾಯಿಲೆ.

ಹಾಗಾದರೆ ವಿಮೆ ಈ ಹುಡುಗನಿಗೆ ಹೇಗೆ ನೆರವಾಗಬಹುದಿತ್ತು? ಸ್ವಲ್ಪ ಲೆಕ್ಕ ಮಾಡೋಣ. ಈ ಅಂಕಿಗಳು ಲೆಕ್ಕದ ಅನುಕೂಲಕ್ಕಾಗಿ ಊಹಿಸಿಕೊಂಡವು ಎಂಬುದನ್ನು ನೆನಪಿಡಿ. ಒಂದು ಊರಿನಲ್ಲಿ 1,000 ನಾಯಿಗಳಿವೆ. ವರ್ಷಕ್ಕೆ ಸುಮಾರು 40 ನಾಯಿಗಳಿಗೆ ದೊಡ್ಡ ಚಿಕಿತ್ಸೆ ಬೇಕಾಗುತ್ತದೆ, ಒಂದಕ್ಕೆ 20,000 ರೂಪಾಯಿ ಖರ್ಚು. ಒಟ್ಟು 8 ಲಕ್ಷ. ಇದನ್ನು 1,000 ಮನೆಗಳು ಹಂಚಿಕೊಂಡರೆ ತಲೆಗೆ 800 ರೂಪಾಯಿ. ಯಾರ ನಾಯಿಗೆ ಪೆಟ್ಟಾಗುತ್ತದೆಂದು ಯಾರಿಗೂ ತಿಳಿಯದು. ಆದರೆ ಸುಮಾರು ಎಷ್ಟು ನಾಯಿಗಳಿಗೆ ಆಗುತ್ತದೆಂದು ಲೆಕ್ಕ ಹಾಕಬಹುದು. ಗುಂಪು ದೊಡ್ಡದಾದಷ್ಟೂ ಆ ಅಂದಾಜು ಸರಿಯಾಗುತ್ತ ಹೋಗುತ್ತದೆ. ಸಂಖ್ಯಾಶಾಸ್ತ್ರದ ಪಾಠದಲ್ಲಿ ನಾಣ್ಯ ಚಿಮ್ಮಿಸುವ ಪ್ರಯೋಗ ಮಾಡಿರುತ್ತೀರಲ್ಲ, ಅದೇ ತತ್ತ್ವ.

ಈ 800 ರೂಪಾಯಿಗೆ ಕಂಪನಿಯ ಕಚೇರಿ ಖರ್ಚು, ಏಜೆಂಟರ ಕಮಿಷನ್, ಲಾಭ, ತೆರಿಗೆ ಇವೆಲ್ಲ ಸೇರಿ 1,200 ಆಯಿತೆನ್ನೋಣ. ಇಲ್ಲಿ ಒಂದು ಸೂಕ್ಷ್ಮವಿದೆ. ಎಲ್ಲ ಮನೆಗಳನ್ನೂ ಒಟ್ಟಿಗೆ ನೋಡಿದರೆ, ಜನ ಕಟ್ಟುವ ಹಣ ಅವರಿಗೆ ಮರಳಿ ಬರುವ ಹಣಕ್ಕಿಂತ ಯಾವಾಗಲೂ ಹೆಚ್ಚು. ಸರಾಸರಿ ಲೆಕ್ಕದಲ್ಲಿ ವಿಮೆ ನಷ್ಟದ ಬಾಬ್ತು. ಆದರೂ ಅದನ್ನು ಕೊಳ್ಳುವುದು ಏಕೆಂದರೆ, 1,200 ರೂಪಾಯಿ ಹೋದರೆ ಮನೆ ನಡೆಯುತ್ತದೆ, ಒಮ್ಮೆಲೇ 20,000 ಹೋದರೆ ನಡೆಯುವುದಿಲ್ಲ. ಆದ್ದರಿಂದ ನಾವೇ ಸಹಿಸಬಹುದಾದ ಖರ್ಚಿಗೆ ವಿಮೆ ಮಾಡಿಸುವುದು ಹಣ ಪೋಲು ಮಾಡಿದಂತೆ. ವರ್ಷಕ್ಕೊಮ್ಮೆ ಹಾಕಿಸುವ ಲಸಿಕೆ, ಹುಳುವಿನ ಮಾತ್ರೆ, ಉಗುರು ಕತ್ತರಿಸುವುದು, ಸಣ್ಣಪುಟ್ಟ ಹೊಟ್ಟೆನೋವು ಇವಕ್ಕೆಲ್ಲ ರಕ್ಷಣೆ ಕೊಡುತ್ತೇವೆಂದು ಹೇಳುವ ಪಾಲಿಸಿ ಆಕರ್ಷಕವಾಗಿ ಕಾಣುತ್ತದೆ. ಆದರೆ ಖಚಿತವಾಗಿ ಆಗುವ ಖರ್ಚನ್ನು ಕಂಪನಿ ನಿಮ್ಮಿಂದಲೇ ವಸೂಲು ಮಾಡಿ, ತನ್ನ ಪಾಲು ಇಟ್ಟುಕೊಂಡು, ಉಳಿದದ್ದನ್ನು ನಿಮಗೆ ಹಿಂದಿರುಗಿಸುತ್ತದೆ. ಅದಕ್ಕೆ ವಿಮೆ ಏಕೆ? ಒಂದು ಹುಂಡಿ ಸಾಕು.

ಈಗ ಎರಡು ಪಾಲಿಸಿಗಳನ್ನು ಅಕ್ಕಪಕ್ಕದಲ್ಲಿಡೋಣ. ಒಂದರ ಕಂತು ವರ್ಷಕ್ಕೆ 1,000 ರೂಪಾಯಿ, ನಾಯಿ ಸತ್ತರೆ 20,000 ರೂಪಾಯಿವರೆಗೆ ಕೊಡುತ್ತದೆ. ಇನ್ನೊಂದರ ಕಂತು 2,500, ಆಸ್ಪತ್ರೆ ಮತ್ತು ಶಸ್ತ್ರಚಿಕಿತ್ಸೆಯ ಖರ್ಚಿನಲ್ಲಿ 40,000ದವರೆಗೆ ಕೊಡುತ್ತದೆ, ಆದರೆ ಪ್ರತಿ ಬಿಲ್ಲಿನಲ್ಲೂ ಶೇಕಡ 20 ನಿಮ್ಮ ಪಾಲು. ಅಂಗಡಿಯಲ್ಲಿ ಕೇಳಿದಂತೆ ಕೇಳಿದರೆ ಮೊದಲನೆಯದೇ ಅಗ್ಗ. ಆ ಹುಡುಗನ ನಾಯಿಯ ಬಿಲ್ಲು 18,000 ರೂಪಾಯಿ ಆಯಿತೆನ್ನಿ, ನಾಯಿ ಬದುಕಿತು. ಮೊದಲನೆಯ ಪಾಲಿಸಿ ಒಂದು ಪೈಸೆಯನ್ನೂ ಕೊಡುವುದಿಲ್ಲ. ಮನೆಯವರ ಒಟ್ಟು ಖರ್ಚು 19,000. ಎರಡನೆಯದು 14,400 ಕೊಡುತ್ತದೆ. ಕಂತೂ ಸೇರಿ ಮನೆಯವರ ಖರ್ಚು 6,100. ಅಗ್ಗದ ಪಾಲಿಸಿ ಯಾವುದು ಎಂದು ಈಗ ಹೇಳಿ. ಏನೂ ಆಗದ ವರ್ಷಗಳಲ್ಲಿ 1,500 ರೂಪಾಯಿ ಹೆಚ್ಚು ಕೊಟ್ಟದ್ದೂ ನಿಜವೇ. ಅದನ್ನು ಮುಚ್ಚಿಡಬೇಕಾಗಿಲ್ಲ.

ಆದರೆ ಇಷ್ಟಕ್ಕೇ ಲೆಕ್ಕ ಮುಗಿಯುವುದಿಲ್ಲ. ಪಾಲಿಸಿಯ ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಇರುವುದು ಭರವಸೆ. ಅದರ ಬೆಲೆ ಎಷ್ಟೆಂದು ತಿಳಿಯುವುದು ಒಳಗಿನ ಸಣ್ಣಕ್ಷರಗಳಲ್ಲಿ. ಮನೆಯ ಹಿರಿಯರಿಗೆ ಕನ್ನಡಕ ಹಾಕಿಕೊಂಡರೂ ಓದಲು ಕಷ್ಟವಾಗುವ ಈ ಭಾಗವನ್ನು ನೀವು ಓದಿ ಹೇಳಿದರೆ ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಮೊದಲು ನೋಡಬೇಕಾದದ್ದು ಕಾಯುವ ಅವಧಿ. ಪಾಲಿಸಿ ಕೊಂಡ ದಿನದಿಂದ ಕೆಲವು ದಿನಗಳವರೆಗೆ, ಜಾನುವಾರು ವಿಮೆಯಲ್ಲಿ ಸಾಮಾನ್ಯವಾಗಿ 15 ದಿನ, ಕಾಯಿಲೆಗೆ ರಕ್ಷಣೆ ಇರುವುದಿಲ್ಲ. ಇದು ಕಂಪನಿಯ ಕುಯುಕ್ತಿಯೆಂದು ಕೆಲವರು ಬೈಯುತ್ತಾರೆ. ಯೋಚಿಸಿ ನೋಡಿ. ನಾಯಿಗೆ ಜ್ವರ ಬಂದ ಮೇಲೆ ಪಾಲಿಸಿ ಕೊಳ್ಳಬಹುದಾಗಿದ್ದರೆ ಆರೋಗ್ಯವಾದ ನಾಯಿಗೆ ಯಾರು ಕಂತು ಕಟ್ಟುತ್ತಾರೆ? ಗುಂಪಿನಲ್ಲಿ ಕಾಯಿಲೆಯ ನಾಯಿಗಳು ಮಾತ್ರ ಉಳಿದು, ಕಂತು 800ರ ಬದಲು 20,000ಕ್ಕೇ ಏರಿಬಿಡುತ್ತದೆ. ಪಾಲಿಸಿಗೆ ಮೊದಲೇ ಇದ್ದ ಕಾಯಿಲೆಯನ್ನು ಹೊರಗಿಡುವುದೂ ಇದೇ ಕಾರಣಕ್ಕೆ. ಹಾಗಾಗಿ ಮರಿ ಚಿಕ್ಕದಿರುವಾಗಲೇ, ಅಂದರೆ ಅದರ ದಾಖಲೆಯಲ್ಲಿ ಯಾವ ಕಾಯಿಲೆಯೂ ಸೇರಿರದ ಕಾಲದಲ್ಲೇ, ವಿಮೆ ಮಾಡಿಸುವುದು ಲಾಭಕರ. ವಯಸ್ಸಿನ ಮಿತಿಯೂ ಇರುತ್ತದೆ. ಮುದಿನಾಯಿಗೆ ಹೊಸದಾಗಿ ಪಾಲಿಸಿ ಸಿಗುವುದು ಕಷ್ಟ. ದೊಡ್ಡ ಗಾತ್ರದ ತಳಿಗಳಿಗೆ ಆಯಸ್ಸು ಕಡಿಮೆಯಾದ್ದರಿಂದ ಈ ಮಿತಿ ಇನ್ನೂ ಬೇಗ ಬರುತ್ತದೆ. ನಾಯಿಗೆ ಕಾಯಿಲೆ ಹೆಚ್ಚುವ ವಯಸ್ಸಿನಲ್ಲೇ ಪಾಲಿಸಿ ಮುಗಿದುಹೋಗುತ್ತದೆಯೇ ಎಂದು ಮೊದಲೇ ಕೇಳಿ.

ಎರಡನೆಯದು ಲಸಿಕೆ. ನಾಯಿಮರಿಗಳನ್ನು ಕೊಲ್ಲುವ ಪಾರ್ವೋ, ಡಿಸ್ಟೆಂಪರ್, ಇಲಿಯ ಮೂತ್ರದಿಂದ ಹರಡುವ ಲೆಪ್ಟೋಸ್ಪೈರೋಸಿಸ್, ಹುಚ್ಚುನಾಯಿ ರೋಗ ಇವೆಲ್ಲಕ್ಕೂ ಲಸಿಕೆ ಇದೆ. ಲಸಿಕೆ ಹಾಕಿಸಿದ ದಾಖಲೆ ಇಲ್ಲದಿದ್ದರೆ ಈ ರೋಗಗಳಿಗೆ ಪರಿಹಾರ ಸಿಗುವುದಿಲ್ಲ ಎಂದು ಪಾಲಿಸಿಗಳು ಹೇಳುತ್ತವೆ. ಇದು ನ್ಯಾಯವೇ. ಪಾರ್ವೋ ಬಂದ ಮರಿಗೆ ದಿನಗಟ್ಟಲೆ ಡ್ರಿಪ್ ಹಾಕಿಸಿ ಆಸ್ಪತ್ರೆಯಲ್ಲಿಡಬೇಕು, ಅಷ್ಟಾದರೂ ಉಳಿಯುವ ಖಾತರಿ ಇಲ್ಲ. ಆ ಖರ್ಚಿನ ಎದುರು ಲಸಿಕೆಯ ಖರ್ಚು ಏನೇನೂ ಅಲ್ಲ. ಹುಚ್ಚುನಾಯಿ ರೋಗಕ್ಕಂತೂ ಲಕ್ಷಣ ಕಾಣಿಸಿಕೊಂಡ ಮೇಲೆ ನಾಯಿಗಾಗಲಿ ಮನುಷ್ಯನಿಗಾಗಲಿ ಚಿಕಿತ್ಸೆಯೇ ಇಲ್ಲ. ವಿಮೆಗೆ ಹಣವಿಲ್ಲದ ಮನೆಯಲ್ಲೂ ಲಸಿಕೆಯನ್ನು ಬಿಡುವಂತಿಲ್ಲ. ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಆಸುಪಾಸಿನಲ್ಲಿ ಅನೇಕ ಕಡೆ ಉಚಿತ ಲಸಿಕೆ ಶಿಬಿರಗಳು ನಡೆಯುತ್ತವೆ. ಲಸಿಕೆಯ ಪುಸ್ತಕವನ್ನು ಜೋಪಾನವಾಗಿಡಿ, ಪ್ರತಿ ಸಲವೂ ವೈದ್ಯರ ಸಹಿ, ದಿನಾಂಕ, ಲಸಿಕೆಯ ಬ್ಯಾಚ್ ಸಂಖ್ಯೆ ಬರೆಸಿ. ವಿಮಾ ಪತ್ರದಷ್ಟೇ ಬೆಲೆ ಅದಕ್ಕೂ ಇದೆ.

ಮೂರನೆಯದು ಒಳಮಿತಿ. "40,000 ರೂಪಾಯಿ ರಕ್ಷಣೆ" ಎಂದು ಬರೆದಿದ್ದರೂ ಒಂದು ಕಾಯಿಲೆಗೆ ಇಷ್ಟು, ಒಂದು ದಿನದ ಆಸ್ಪತ್ರೆ ವಾಸಕ್ಕೆ ಇಷ್ಟು ಎಂದು ಬೇರೆ ಬೇರೆ ಮಿತಿಗಳಿರಬಹುದು. ಆಗ ದೊಡ್ಡ ಅಂಕಿಗೆ ಅರ್ಥವಿಲ್ಲ. ನಮ್ಮ ಪಾಲು ಎಷ್ಟು ಎಂಬುದೂ ಮುಖ್ಯ, ಆದರೆ ಅದನ್ನು ಕಂಡು ಹೆದರಬೇಕಾಗಿಲ್ಲ. ಪ್ರತಿ ಬಿಲ್ಲಿನಲ್ಲಿ ಮೊದಲ 2,000 ರೂಪಾಯಿಯನ್ನು ನಾನೇ ಕೊಡುತ್ತೇನೆ ಎಂದು ಒಪ್ಪಿಕೊಂಡರೆ ಕಂತು ಇಳಿಯುತ್ತದೆ. ಸಣ್ಣ ಖರ್ಚನ್ನು ಹುಂಡಿಗೆ ಬಿಟ್ಟು, ದೊಡ್ಡದನ್ನು ಮಾತ್ರ ವಿಮೆಗೆ ಒಪ್ಪಿಸುವ ಈ ದಾರಿಯೇ ಮಧ್ಯಮ ವರ್ಗದ ಮನೆಗೆ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ಜಾತಿ ನಾಯಿ ಇರುವವರು ಇನ್ನೊಂದನ್ನು ಗಮನಿಸಬೇಕು. ಜರ್ಮನ್ ಷೆಫರ್ಡ್, ಲ್ಯಾಬ್ರಡಾರ್ ಮೊದಲಾದ ತಳಿಗಳಲ್ಲಿ ಸೊಂಟದ ಕೀಲಿನ ದೋಷ ವಂಶಪಾರಂಪರ್ಯವಾಗಿ ಬರುತ್ತದೆ. ವಂಶವಾಹಿ ದೋಷಗಳನ್ನು ಪಾಲಿಸಿ ಹೊರಗಿಟ್ಟಿದ್ದರೆ, ಆ ತಳಿಗೆ ಬರಬಹುದಾದ ದೊಡ್ಡ ಕಾಯಿಲೆಗೇ ರಕ್ಷಣೆ ಇಲ್ಲದಂತಾಗುತ್ತದೆ. ಹಾಗೆಯೇ ಹೆಣ್ಣುನಾಯಿಗೆ ಗರ್ಭಕೋಶದಲ್ಲಿ ಕೀವಾಗುವ ಅಪಾಯ ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಬಹುಮಟ್ಟಿಗೆ ತಪ್ಪುತ್ತದೆ. ಸಂತಾನಕ್ಕೆ ಸಂಬಂಧಿಸಿದ ಖರ್ಚನ್ನು ಪಾಲಿಸಿಗಳು ಸಾಮಾನ್ಯವಾಗಿ ಕೊಡುವುದಿಲ್ಲ.

ಬೆಲೆಯ ವಿಷಯವನ್ನು ಮತ್ತೊಮ್ಮೆ ನೋಡಬೇಕಾಗಿದೆ. ಸಾವಿನ ಪರಿಹಾರ ಇರುವ ಪಾಲಿಸಿಯಲ್ಲಿ, 15,000ಕ್ಕೆ ಕೊಂಡ ನಾಯಿಗೆ 50,000 ಎಂದು ಬರೆಸಿ ಹೆಚ್ಚು ಕಂತು ಕಟ್ಟುವವರಿದ್ದಾರೆ. ಕಂಪನಿ ಕೊಡುವುದು ಮಾರುಕಟ್ಟೆ ಬೆಲೆ ಅಥವಾ ವಿಮಾ ಮೊತ್ತ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು. ಹೆಚ್ಚುವರಿ ಕಂತು ನೀರಿನಲ್ಲಿ ಹಾಕಿದ ಹೋಮ. ನಮ್ಮ ಮುಧೋಳದ ಬೇಟೆನಾಯಿಯನ್ನೇ ನೋಡಿ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದಿತು, ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ, ಸೇನೆಯೂ ಈ ತಳಿಯನ್ನು ತರಬೇತಿಗೆ ತೆಗೆದುಕೊಂಡಿದೆ. ಇಂಥ ನಾಯಿಗೆ ತಳಿಯ ದಾಖಲೆ, ಖರೀದಿ ರಸೀದಿ ಇದ್ದರೆ ಬೆಲೆ ಕಟ್ಟಬಹುದು. ಬೀದಿಯಿಂದ ತಂದ ನಾಯಿಗೆ ಸಾವಿನ ಪರಿಹಾರದ ಪಾಲಿಸಿ ಅರ್ಥವಿಲ್ಲದ್ದು. ಅದಕ್ಕೆ ಚಿಕಿತ್ಸೆಯ ಪಾಲಿಸಿ ಸಿಗುತ್ತದೆಯೇ, ನಾಟಿ ನಾಯಿಯನ್ನೂ ಸೇರಿಸಿಕೊಳ್ಳುತ್ತಾರೆಯೇ ಎಂದು ನೇರವಾಗಿ ಕೇಳಿ. ಕೆಲವರು ಸೇರಿಸಿಕೊಳ್ಳುತ್ತಾರೆ, ಕೆಲವರು ಇಲ್ಲ.

ನಾಯಿಗೆ ಕಿವಿಬಿಲ್ಲೆ ಹಾಕುವುದಿಲ್ಲ. ಅದರ ಬದಲು ಅಕ್ಕಿಕಾಳಿನಷ್ಟು ದೊಡ್ಡ ಮೈಕ್ರೋಚಿಪ್ಪನ್ನು ಸೂಜಿಯ ಮೂಲಕ ಹೆಗಲ ಚರ್ಮದ ಕೆಳಗೆ ಸೇರಿಸುತ್ತಾರೆ. ಅದರಲ್ಲಿ ಬ್ಯಾಟರಿ ಇಲ್ಲ. ಓದುವ ಯಂತ್ರವನ್ನು ಹತ್ತಿರ ತಂದಾಗ ಅದರ ರೇಡಿಯೋ ಅಲೆಗಳಿಂದಲೇ ಶಕ್ತಿ ಪಡೆದು ತನ್ನ 15 ಅಂಕಿಯ ಸಂಖ್ಯೆಯನ್ನು ಹೇಳುತ್ತದೆ. ನಾಯಿ ಎಲ್ಲಿದೆ ಎಂದು ಅದು ಹೇಳುತ್ತದೆಂಬುದು ತಪ್ಪು ತಿಳಿವಳಿಕೆ. ಗುರುತು ಹೇಳುತ್ತದೆ, ಅಷ್ಟೇ. ಚಿಪ್ಪಿದ್ದರೆ ಕೆಲವು ಕಂಪನಿಗಳು ಕಂತಿನಲ್ಲಿ ರಿಯಾಯಿತಿ ಕೊಡುತ್ತವೆ.

ಮೂರನೆಯವರ ಹೊಣೆಯ ಬಗ್ಗೆಯೂ ಎರಡು ಮಾತು. ನಿಮ್ಮ ನಾಯಿ ಪಕ್ಕದ ಮನೆಯ ಮಗುವನ್ನು ಕಚ್ಚಿತೆನ್ನಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಂತೆ, ಸಾಕಿದ ಪ್ರಾಣಿಯ ಬಗ್ಗೆ ನಿರ್ಲಕ್ಷ್ಯ ತೋರಿದವರಿಗೆ 6 ತಿಂಗಳವರೆಗೆ ಸೆರೆ, 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಈ ಶಿಕ್ಷೆಯನ್ನು ಯಾವ ವಿಮೆಯೂ ಹೊರುವುದಿಲ್ಲ. ಗಾಯಗೊಂಡವರಿಗೆ ಕೊಡಬೇಕಾಗುವ ಪರಿಹಾರವನ್ನು ಮಾತ್ರ ಹೊಣೆ ವಿಮೆ ಭರಿಸುತ್ತದೆ. ಅಪಾರ್ಟ್‌ಮೆಂಟಿನಲ್ಲಿ ದೊಡ್ಡ ನಾಯಿ ಸಾಕಿದವರಿಗೆ ಈ ಭಾಗ ಉಪಯುಕ್ತ, ಕಂತೂ ಸಾಮಾನ್ಯವಾಗಿ ದುಬಾರಿಯಲ್ಲ.

ಬೆಕ್ಕಿಗೆ ಪಾಲಿಸಿಗಳ ಆಯ್ಕೆ ನಾಯಿಗಿಂತ ಕಡಿಮೆ. ಗಿಳಿಗೆ ವಿಮೆ ಇದೆಯೇ ಎಂದು ಯಾರಾದರೂ ಕೇಳಬಹುದು. ನಮ್ಮ ನಾಡಿನ ಹಸಿರು ಗಿಳಿಯನ್ನು ಪಂಜರದಲ್ಲಿಡುವುದೇ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಹಾಗಾಗಿ ವಿಮೆಯ ಮಾತೇ ಬರುವುದಿಲ್ಲ.

ಲೆಕ್ಕವೆಲ್ಲ ಹಾಕಿದ ಮೇಲೂ ಕಂತು ನಿಮ್ಮ ಮನೆಗೆ ಭಾರ ಎನಿಸಿದರೆ ಸಂಕೋಚಪಡಬೇಕಾಗಿಲ್ಲ. ಲಸಿಕೆ ಹಾಕಿಸಿ, ಹಗ್ಗವಿಲ್ಲದೆ ರಸ್ತೆಗೆ ಬಿಡದಿರಿ, ವಾರಕ್ಕೊಮ್ಮೆ ಮೈಮೇಲೆ ಉಣ್ಣೆ ಹುಡುಕಿ ತೆಗೆಯಿರಿ. ಉಣ್ಣೆಯಿಂದ ಬರುವ ಜ್ವರ ರಕ್ತಕಣಗಳನ್ನೇ ತಿಂದುಹಾಕುತ್ತದೆ. ತಿಂಗಳಿಗೆ 200 ರೂಪಾಯಿ ಎತ್ತಿಟ್ಟರೆ ವರ್ಷಕ್ಕೆ 2,400 ಆಗುತ್ತದೆ. ಈ ಹುಂಡಿಯ ದೌರ್ಬಲ್ಯ ಒಂದೇ: ಅಪಘಾತ ಎರಡನೆಯ ತಿಂಗಳಲ್ಲೇ ಆದರೆ ಅದರಲ್ಲಿರುವುದು 400 ರೂಪಾಯಿ. ಆಗ ಸರ್ಕಾರಿ ಪಶು ಆಸ್ಪತ್ರೆ ಇದೆ. ಬೆಂಗಳೂರಿನ ಹೆಬ್ಬಾಳದಲ್ಲಿರುವ, 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಂಥ ಬೋಧನಾ ಆಸ್ಪತ್ರೆಗಳಿವೆ. ಅಲ್ಲಿ ಸರದಿ ಉದ್ದವಿರಬಹುದು, ಆದರೆ ಖರ್ಚು ಖಾಸಗಿ ಚಿಕಿತ್ಸಾಲಯಕ್ಕಿಂತ ಕಡಿಮೆ. ಬಾಗಿಲು ಎಷ್ಟು ಗಂಟೆಗೆ ತೆರೆಯುತ್ತದೆ ಎಂಬುದನ್ನು ನಾಯಿ ಚೆನ್ನಾಗಿರುವಾಗಲೇ ತಿಳಿದುಕೊಂಡಿರಿ.

ಪಾಲಿಸಿ ಕೊಂಡವರು ಪರಿಹಾರ ಕೇಳುವ ಕ್ರಮವನ್ನೂ ತಿಳಿದಿರಬೇಕು. ಅಪಘಾತವಾಗಲಿ ಸಾವಾಗಲಿ, ಕೂಡಲೇ ಕಂಪನಿಗೆ ತಿಳಿಸಿ. ಫೋನು ಮಾಡಿದರೆ ಸಾಲದು, ಬರಹದಲ್ಲಿಯೂ ಕಳಿಸಿ. ಪ್ರಾಣಿ ಸತ್ತರೆ ಹೂಳುವ ಮೊದಲು ಫೋಟೋ ತೆಗೆಯಿರಿ. ಕಿವಿಬಿಲ್ಲೆ ಅಥವಾ ಚಿಪ್ಪಿನ ಸಂಖ್ಯೆ ಗುರುತಿಸಿಕೊಳ್ಳಿ, ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆಯ ವರದಿ ಪಡೆಯಿರಿ. ದುಃಖದಲ್ಲಿ ಇವೆಲ್ಲ ಬೇಡವೆನಿಸುವುದು ಸಹಜ. ಆ ಹೊತ್ತಿನಲ್ಲಿ ಮನೆಯವರಲ್ಲಿ ಒಬ್ಬರಾದರೂ ಇದನ್ನು ನೋಡಿಕೊಳ್ಳಬೇಕು. ಚಿಕಿತ್ಸೆಯಾದರೆ ಪ್ರತಿ ಔಷಧಿಯ ಚೀಟಿ, ಬಿಲ್ಲು, ಎಕ್ಸ್‌ರೇ ಎಲ್ಲವನ್ನೂ ಇಟ್ಟುಕೊಳ್ಳಿ.

ಕಂಪನಿ ನ್ಯಾಯವಲ್ಲದ ಕಾರಣ ಹೇಳಿ ಪರಿಹಾರ ನಿರಾಕರಿಸಿದರೆ, ಮೊದಲು ಆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ತೃಪ್ತಿಕರವಲ್ಲದಿದ್ದರೆ ವಿಮಾ ಲೋಕಪಾಲರ ಬಳಿಗೆ ಹೋಗಬಹುದು. ಕರ್ನಾಟಕಕ್ಕೆ ಅವರ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ, ಕಂಪನಿಯ ಉತ್ತರ ಬಂದ ಒಂದು ವರ್ಷದೊಳಗೆ ದೂರು ಕೊಡಬೇಕು. ದೂರಿನ ಜೊತೆ ಪಾಲಿಸಿಯ ಪ್ರತಿ, ಕಂಪನಿಗೆ ನೀವು ಬರೆದ ಪತ್ರ, ಅವರ ಉತ್ತರ ಇವಿಷ್ಟನ್ನು ಲಗತ್ತಿಸಿ.